ಗೋವಿಂದಕಾಕಾನ ಸಿಮೆಂಟ್ ಗಾಡಿ

ಮೊನ್ನೆ ಧಾರವಾಡದ ನಮ್ಮ ಮನೆಯ ಗೇಟಿಗೆ ಬಣ್ಣ ಹಚ್ಚಲು ಒಬ್ಬ ಬಂದಿದ್ದ. ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಕಬ್ಬಿಣ ಇನ್ನೂ ಒದ್ದೆ. ಸರಳುಗಳ ಬುಡದಲ್ಲಿ ತುಕ್ಕು ಹಕ್ಕಳೆಗಟ್ಟಿ ನಿಂತಿತ್ತು. ಅವನು ಅದರ ಮೇಲೆಯೇ ಕೆಂಪು ಬಣ್ಣದ ಬ್ರಶ್ಶು ಎಳೆಯುತ್ತಿದ್ದ. "ಮೊದಲ ಉಜ್ಜಬಾರದೇನೋ?" ಎಂದೆ. "ಹಚ್ಚಿದ ಮ್ಯಾಲ ಏನೂ ಕಾಣಂಗಿಲ್ರಿ ಸಾಹೇಬ್ರ" ಎಂದ, ನನಗೇ ಧೈರ್ಯ ಹೇಳುವವನ ಹಾಗೆ. ಒದ್ದೆ ಕಬ್ಬಿಣದ ಮೇಲೆ ಆ ಬಣ್ಣ ಬಿದ್ದಾಗ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿ ರಸ್ತೆಯಂಚಿಗೆ ಸರಿಯಿತು. ಹಿಂದೆ ಯಾವ ಗಾಡಿಯೂ ಬರುತ್ತಿರಲಿಲ್ಲ. ಬಣ್ಣದವನು ನನ್ನನ್ನು ವಿಚಿತ್ರವಾಗಿ ನೋಡಿದ.

ಇಷ್ಟು ವರ್ಷವಾದರೂ ಏರಿನಲ್ಲಿ ನಿಂತ ಲಾರಿಯ ಹಿಂದೆ ನಾನು ಹಾಯುವುದಿಲ್ಲ. ಸರಪಳಿ ಬಿಗಿಯುವ ಸದ್ದು ನನಗಾಗದು. ಅದು ತೊಟ್ಟಿಲಿನ ಸರಪಳಿಯಾದರೂ ಸರಿ, ಎದ್ದು ಹೊರಗೆ ಹೋಗುತ್ತೇನೆ. ನನ್ನ ಮೊಮ್ಮಗಳು ಇದನ್ನು ಆಡಿಕೊಂಡು ನಗುತ್ತಾಳೆ. ನಗಲಿ. ಅವಳಿಗೆ ಗೋವಿಂದಕಾಕಾ ಗೊತ್ತಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷದ ಮಳೆಗಾಲ ಅದು. ನಾನು ಪುಣೆಯಲ್ಲಿ ಬಿ.ಎ. ಮುಗಿಸಿ, ಕೆಲಸ ಹುಡುಕುತ್ತ, ಶನಿವಾರ ಪೇಠೆಯಲ್ಲಿ ಹತ್ತಾರು ಸಂಸಾರಗಳಿದ್ದ ವಾಡೆಯೊಂದರಲ್ಲಿ ಗೋವಿಂದಕಾಕಾನ ಮನೆಯಲ್ಲಿ ಉಳಿದಿದ್ದೆ. ಅಪ್ಪನ ದೂರದ ತಮ್ಮ. ಯಾವುದೋ ಸಂಸ್ಥಾನದ ಕಟ್ಟಡ ಖಾತೆಯಲ್ಲಿ ಓವರ್ಸಿಯರ್ ಆಗಿದ್ದು ನಿವೃತ್ತನಾದವ. ಮೋರಿ, ಸೇತುವೆ, ಸಾಲೆಯ ಗೋಡೆ, ಇವನ್ನು ಕಟ್ಟಿಸುವುದಕ್ಕಿಂತ ಸಾಹೇಬರು ನೋಡಲು ಬರುವ ಮುನ್ನ ಅವುಗಳ ಬಿರುಕಿಗೆ ಗಿಲಾವು ಮೆತ್ತಿಸುವುದರಲ್ಲಿ ಅವನ ಜೀವಮಾನ ಕಳೆದಿತ್ತು. ಇದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಹೆಮ್ಮೆಯಿಂದ ಹೇಳುತ್ತಿದ್ದ. "ಗ್ವಾಡಿ ಗಟ್ಟಿ ಇರಬೇಕಂತಿಲ್ಲೋ. ಗಟ್ಟಿ ಅದ ಅಂತ ಸಾಹೇಬಗ ಅನಸಬೇಕು."

ಅವನಿಗೆ ಇನ್ನೊಂದು ಹೆಮ್ಮೆ ಮರಾಠಿಯದು. ಹೊಸ್ತಿಲು ದಾಟಿದ ಕೂಡಲೇ ಕನ್ನಡ ಬಂದ್. ಬೀದಿಯಲ್ಲಿ ನಾನು ಕನ್ನಡದಲ್ಲಿ ಮಾತಾಡಿಸಿದರೆ ಕಣ್ಣು ಕೆಂಪಗೆ ಮಾಡಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದ. ನನ್ನನ್ನು ಹಂಗಿಸುವಾಗ, ವಾದಕ್ಕಿಳಿದಾಗ ಮಾತ್ರ ಕನ್ನಡ ತಾನಾಗಿ ಹೊರಬೀಳುತ್ತಿತ್ತು. ಆದರೆ ಆ ಮರಾಠಿಯಲ್ಲಿ ಒಂದು ಹಲ್ಲು ಇರಲಿಲ್ಲ. ಮಹಾಪ್ರಾಣ ಅವನ ನಾಲಗೆಗೆ ಒಗ್ಗಿರಲೇ ಇಲ್ಲ. ಭಾಕರಿ ಅವನ ಬಾಯಲ್ಲಿ ಬಾಕರಿ, ಧೋತರ ದೋತರ, ಘರ ಎಂಬುದು ಗರ. ವಾಡೆಯ ಹೆಂಗಸರು ನಲ್ಲಿಯ ಹತ್ತಿರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ತನ್ನ ಶುದ್ಧ ಮರಾಠಿಗೆ ಅವರು ಬೆರಗಾಗಿದ್ದಾರೆಂದು ಕಾಕಾ ತಿಳಿದಿದ್ದ.

ಆ ಮನೆಯಲ್ಲಿ ಕಾಕಾ, ಕಾಕು, ಅವರ ಒಬ್ಬಳೇ ಮಗಳು ಇಂದು, ಅವಳ ಗಂಡ ವಾಮನ, ಮತ್ತೆ ನಾನು. ವಾಮನ ಬೆಳಗಾವಿಯ ಕಡೆಯವ, ಮೆತ್ತಗಿನ ಮನುಷ್ಯ. ಯುದ್ಧದ ಕಾಲದಲ್ಲಿ ದೇಹೂ ರೋಡಿನ ಮಿಲಿಟರಿ ಉಗ್ರಾಣದಲ್ಲಿ ಗುಮಾಸ್ತನಾಗಿದ್ದ. ಯುದ್ಧ ಮುಗಿದದ್ದೇ ಅವನ ಕೆಲಸವೂ ಮುಗಿಯಿತು. ಅಂದಿನಿಂದ ಮಾವನ ಮನೆಯ ಊಟ. ಆ ಊಟದಲ್ಲಿ ಉಪ್ಪಿನಕಾಯಿಗಿಂತ ಮೊದಲು ಮಾತು ಬಡಿಸಲಾಗುತ್ತಿತ್ತು. ಆದರೂ ನಮ್ಮ ಕಡೆಯ ರೀತಿ ನೋಡಿ, ಅಳಿಯನಿಗೆ ಬಹುವಚನ ತಪ್ಪುವಂತಿಲ್ಲ. ಕಾಕಾ ಅವನನ್ನು ಬೈಯುವುದೂ ಮರ್ಯಾದೆಯಿಂದಲೇ. "ವಾಮನರಾವ್, ಹೊಟ್ಟಿಗೆ ಅನ್ನ ಹಾಕ್ಕೊಳ್ಳೂದು ಬಾಳ ಚಂದ ಕಲತೀರಿ ನೋಡ್ರಿ. ಇನ್ನೊಂದೀಟು ಹಾಕ್ಕೋರಿ. ಸಂಕೋಚ ಮಾಡಬ್ಯಾಡ್ರಿ." ವಾಮನ ತಲೆ ತಗ್ಗಿಸಿ ಉಣ್ಣುತ್ತಿದ್ದ. ಇಂದು ಒಳಗೆ ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಿದ್ದಳು.

ದೇಹೂ ರೋಡಿನಲ್ಲಿ ಮಿಲಿಟರಿಯವರು ಬೇಡವಾದ ಗಾಡಿಗಳನ್ನು ವಿಲೇವಾರಿ ಮಾಡುತ್ತಿದ್ದಾರೆಂಬ ಸುದ್ದಿ ತಂದವನು ಪಾಪ ವಾಮನನೇ. ಕಾಕಾ ಹೋಗಿ ಒಂದನ್ನು ಹಿಡಿದುಕೊಂಡು ಬಂದ. ಈಗ ಪಿಕಪ್ ಅನ್ನುತ್ತಾರಲ್ಲ, ಮುಂದೆ ಇಬ್ಬರು ಕೂರುವ ಗೂಡು, ಹಿಂದೆ ಬಯಲು ತೊಟ್ಟಿ, ಅಂಥದು. ಎಷ್ಟೋ ಮಳೆಗಾಲ ಬಯಲಲ್ಲಿ ನಿಂತು ಮೈಯೆಲ್ಲ ಕೊಳೆತಿತ್ತು. ತೊಟ್ಟಿಯ ತಳದ ತಗಡಿನಲ್ಲಿ ತೂತುಗಳು. ಕೆಳಗಿನ ನೆಲದ ಹುಲ್ಲು ಕಾಣುತ್ತಿತ್ತು. ಅದೂ ಹೋಗಲಿ, ತಗಡು ಬದಲಾಯಿಸಬಹುದು. ಗಾಡಿಯ ಬೆನ್ನೆಲುಬಾದ ಎರಡು ಉದ್ದ ಕಬ್ಬಿಣದ ಪಟ್ಟಿಗಳಿರುತ್ತವೆ. ಅವನ್ನು ಹಿಂದುಗಡೆ ಒಂದು ಅಡ್ಡಪಟ್ಟಿ ಹಿಡಿದಿರುತ್ತದೆ. ಬೇರೆ ಗಾಡಿಯನ್ನು ಎಳೆಯುವ ಕೊಕ್ಕೆ ಇರುವುದು ಆ ಅಡ್ಡಪಟ್ಟಿಯಲ್ಲಿ. ನಾನು ಬಗ್ಗಿ ನೋಡಿದಾಗ, ಅವು ಕೂಡುವ ಎರಡೂ ಮೂಲೆಗಳಲ್ಲಿ ಕಬ್ಬಿಣ ಚಿರೋಟಿಯ ಹಾಗೆ ಪದರು ಪದರಾಗಿ ಎದ್ದಿತ್ತು. ಕೊಡೆಯ ತುದಿಯಿಂದ ಒತ್ತಿದೆ. ತುದಿ ಒಳಗೆ ಹೋಯಿತು.

"ಕಾಕಾ, ಇದು ಪೂರಾ ತಿಂದು ಹೋಗೇದ."

"ಏನಾತು? ತಿಂದದ್ದನ್ನ ತುಂಬಿದ್ರಾತು."

ಅವನ ಯೋಜನೆ ಇದು: ಪ್ರತಿ ಮಳೆಗಾಲಕ್ಕೆ ಮುಂಬೈಯಿಂದ ಬರುವ ಗಾಡಿಗಳು ಖಂಡಾಳಾ ಘಾಟಿನಲ್ಲಿ ಕೆಟ್ಟು ನಿಲ್ಲುತ್ತವೆ. ಅವನ್ನು ಎಳೆದು ಮೇಲೆ ತರುವ ಗಾಡಿ ಯಾರಲ್ಲಿದೆಯೋ ಘಾಟು ಅವನದು. ಯೋಜನೆ ಮೂರ್ಖತನದ್ದಲ್ಲ, ಒಪ್ಪುತ್ತೇನೆ. ಮೂರ್ಖತನ ಶುರುವಾದದ್ದು ಆಮೇಲೆ.

ಕ್ಯಾಂಪಿನಲ್ಲಿ, ಅಂದರೆ ಪುಣೆಯ ದಂಡುಪ್ರದೇಶದಲ್ಲಿ, ದಗಡೂ ಮಿಸ್ತ್ರಿಯ ಗಾಡಿ ರಿಪೇರಿಯ ಶೆಡ್ಡು. ಈ ಮಿಸ್ತ್ರಿ ಯಾವ ಗಿರಾಕಿಗೂ ಇಲ್ಲ ಎಂದವನಲ್ಲ. ಅವನ ಬಾಯಲ್ಲಿದ್ದದ್ದು ಒಂದೇ ವಾಕ್ಯ: "ಸಾಹೇಬ ಮ್ಹಣತೀಲ ತಸಂ." ಸಾಹೇಬರು ಹೇಳಿದ ಹಾಗೆ. ಕೊಳೆತ ಭಾಗ ಕತ್ತರಿಸಿ ಹೊಸ ಪಟ್ಟಿ ಕೂಡಿಸಬೇಕು ಎಂದು ನಾನೆಂದೆ, ದಗಡೂ ತಲೆಯಾಡಿಸಿದ. ಕತ್ತರಿಸುವುದು ಬೇಡ, ಸಿಮೆಂಟು ತುಂಬಬೇಕು ಎಂದು ಕಾಕಾ ಅಂದ. ದಗಡೂ ಅದಕ್ಕೂ ಅದೇ ತಲೆಯನ್ನು ಅಷ್ಟೇ ಆಡಿಸಿದ.

ನೀವು ಸರಿಯಾಗಿಯೇ ಓದಿದಿರಿ. ಸಿಮೆಂಟು. ಗಾಡಿಗೆ.

"ಆರ್.ಸಿ.ಸಿ. ಅಂದ್ರೇನೋ?" ಎಂದು ಕಾಕಾ ನನ್ನನ್ನು ಕೇಳಿದ. "ಕಬ್ಬಿಣದ ಸುತ್ತ ಸಿಮೆಂಟ್. ಇಲ್ಲಿ ಸಿಮೆಂಟಿನ ಸುತ್ತ ಕಬ್ಬಿಣ. ಏನು ಫರಕ?"

"ಕಾಕಾ, ಸೇತುವೆ ನಿಂತಿರ್ತದ. ಗಾಡಿ ಓಡ್ತದ."

"ಸೇತುವೆ ಓಡಿದ್ರ ಹ್ಯಾಂಗಿರ್ತದ, ನೋಡಿಯಂತ. ಕಾಲೇಜಿನ್ಯಾಗ ಕವಿತಾ ಓದಿ ಬಂದಾಂವ ನನಗ ಸಿಮೆಂಟ್ ಕಲಸ್ತಾನ!"

ಮಿಸ್ತ್ರಿ ನಕ್ಕ. ನಗಬೇಕಾದದ್ದು ಅವನ ಕರ್ತವ್ಯವಾಗಿತ್ತು.

ಕಾಕಾ ಎಲ್ಲಿಂದಲೋ ಸಿಮೆಂಟು ತರಿಸಿದ. ಪಟ್ಟಿಗಳ ಒಳಮೈಗೆ ಹಲಗೆ ಕಟ್ಟಿಸಿ, ತೂತಿದ್ದಲ್ಲಿ ಮುರುಕು ಸರಳು ತುರುಕಿಸಿ, ಜಲ್ಲಿ ಕಲಸಿ ಹುಯ್ಯಿಸಿದ. ಮೂಲೆಗಳನ್ನು ತಾನೇ ಕರಣೆ ಹಿಡಿದು ನುಣುಪು ಮಾಡಿದ. ಅಷ್ಟಕ್ಕೇ ಮುಗಿಯಲಿಲ್ಲ. ಸಿಮೆಂಟು ಹದಕ್ಕೆ ಬರಬೇಕಲ್ಲ! ಗಾಡಿಗೆಲ್ಲ ಗೋಣಿತಟ್ಟು ಹೊದಿಸಿ ದಿನಾ ಮುಂಜಾನೆ ಸಂಜೆ ನೀರು ಹಾಕಿಸಿದ. ತುಕ್ಕು ಹಿಡಿದ ಗಾಡಿ, ಪುಣೆಯ ಆಷಾಢದ ಮಳೆ, ಅದರ ಮೇಲೆ ಈ ಮನುಷ್ಯನ ಕೊಡಪಾನ. ಆಚೀಚೆ ಶೆಡ್ಡಿನವರು ನೋಡಲು ಬರುತ್ತಿದ್ದರು. ಒಬ್ಬ ಮುದುಕ ಟಾಂಗಾದವನು ಕುದುರೆ ನಿಲ್ಲಿಸಿ ಕೇಳಿದ: "ಕಾಯ್ ಕಾಕಾ, ಗಾಡೀಲಾ ತಾಪ ಆಲಾಯ್ ಕಾ?" ಗಾಡಿಗೆ ಜ್ವರ ಬಂದಿದೆಯೇ, ತಣ್ಣೀರು ಪಟ್ಟಿ ಹಾಕಿದ್ದೀರಲ್ಲ ಎಂದು. ಕಾಕಾ ಅವನಿಗೆ ಸಿಮೆಂಟಿನ ಹದ ಕುರಿತು ಮರಾಠಿಯಲ್ಲಿ ಉಪನ್ಯಾಸ ಕೊಟ್ಟ. ಕುದುರೆ ಕೂಡ ಕೇಳಿತು.

ಗೋಣಿ ಬಿಚ್ಚಿದ ಮೇಲೆ ಮುಖ್ಯ ಕೆಲಸ, ಅಂದರೆ ಬಣ್ಣ. ತೊಟ್ಟಿಯ ತಳಕ್ಕೆ ಡಾಂಬರಿನ ಡಬ್ಬಿ ಬಡಿದು ಚಪ್ಪಟೆ ಮಾಡಿದ ತಗಡು ಹಾಸಿದರು. ತುಕ್ಕು, ಸಿಮೆಂಟು, ತಗಡು, ಒದ್ದೆ ಎಲ್ಲದರ ಮೇಲೆ ಕೆಂಪು ಬಳಿದರು. ಬಣ್ಣ ಆರುವ ಮುಂಚೆಯೇ ಕಾಕಾ ಸುತ್ತು ಹಾಕಿ ನೋಡಿ, "ಈಗ ತುಕ್ಕು ತೋರಸು ನೋಡೋಣು" ಎಂದು ನನಗೆ ಸವಾಲು ಹಾಕಿದ. ತೋರಿಸಲಾಗಲಿಲ್ಲ, ನಿಜ. ಹಿಂಭಾಗದ ಭಾರಕ್ಕೆ ಗಾಡಿ ಮೂಗು ಮೇಲೆತ್ತಿ, ಯಾರೋ ಕೆಟ್ಟ ವಾಸನೆ ಬಿಟ್ಟರೆಂಬಂತೆ ನಿಂತಿತ್ತು.

ಡ್ರೈವರ್ ಕೊಂಡಿಬಾ ಅದನ್ನು ಕ್ಯಾಂಪಿನ ಸಪಾಟು ರಸ್ತೆಯಲ್ಲಿ ಓಡಿಸಿ, ಒಂದು ಕೆಟ್ಟ ಕಾರನ್ನು ಎಳೆದೂ ತೋರಿಸಿದ. ಕೊಂಡಿಬಾ ಕಾಕಾನ ಬಳಿ ಹಳಬ. ಸಂಸ್ಥಾನದಲ್ಲಿದ್ದಾಗ ಅವನ ಟಾಂಗಾ ಹೊಡೆಯುತ್ತಿದ್ದವ. ಮರಾಠಿ ಬಿಟ್ಟು ಬೇರೆ ಬಾರದು. ಕಾಕಾನ ಹಲ್ಲಿಲ್ಲದ ಮರಾಠಿಯನ್ನು ಮಾತ್ರ ಎಷ್ಟೋ ವರ್ಷಗಳಿಂದ ಸರಿಯಾಗಿ ಅರ್ಥ ಮಾಡಿಕೊಳ್ಳುತ್ತಿದ್ದ. ಕಾರು ಎಳೆದ ದಿನ ಕಾಕಾ ಮನೆಗೆ ಪೇಢೆ ತಂದ.

ಊಟದ ಹೊತ್ತಿಗೆ ಘೋಷಣೆಯಾಯಿತು. "ವಾಮನರಾವ್, ನೀವು ಕಲ್ಲು ಹಿಡೀರಿ." ಅದೇನೆಂದರೆ, ಏರಿನಲ್ಲಿ ಕೆಟ್ಟ ಗಾಡಿಯನ್ನು ಎಳೆಯುವಾಗ ಒಬ್ಬನು ದಪ್ಪ ಕಲ್ಲು ಹಿಡಿದು ಅದರ ಹಿಂಗಾಲಿಯ ಹಿಂದೆಯೇ ನಡೆಯಬೇಕು. ಎಳೆಯುವುದು ನಿಂತ ಕೂಡಲೇ ಗಾಲಿಗೆ ಕಲ್ಲು ಕೊಡಬೇಕು. ಕೂಲಿಯವರು ಇದಕ್ಕೆ ಸಿಗುತ್ತಾರೆ. "ಕೂಲಿ ಯಾಕ? ಮನ್ಯಾಗ ಕೈಕಾಲು ಗಟ್ಟಿ ಇದ್ದವರು ಕುಂತಾರಲ್ಲ" ಎಂದ ಕಾಕಾ.

ಮರುದಿನ ಇಂದು ನನ್ನನ್ನು ಬಚ್ಚಲ ಹತ್ತಿರ ತಡೆದು ನಿಲ್ಲಿಸಿದಳು. "ಅಣ್ಣಾ, ಆ ಗಾಡಿ ಖರೇನ ಗಟ್ಟಿ ಅದ ಏನೋ?"

"ಇಲ್ಲವಾ."

"ಅಪ್ಪಗ ಹೇಳಿಯೇನು?"

"ಹೇಳೇನಿ. ನಿನ್ನ ಗಂಡಗೂ ಹೇಳೇನಿ. ಆಂವ 'ಇವರ ಮನಿ ಅನ್ನಾ ಉಣ್ತೇನಿ, ಹ್ಯಾಂಗ ಒಲ್ಲೆ ಅನ್ಲಿ' ಅಂತಾನ."

"ಹಂಗಾರ ನೀ ಜೋಡಿ ಹೋಗು. ಇವರ ಮ್ಯಾಲ ಕಣ್ಣಿಡು" ಎಂದಳು. ಹೋದೆ.

ಮೊದಲ ಗಿರಾಕಿ ಕ್ಯಾಂಪಿನಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯ ಭಟ್ಟರು. ಮುಂಬೈಯಿಂದ ಸಾಮಾನು ತರುತ್ತಿದ್ದ ಅವರ ವ್ಯಾನು ಖಂಡಾಳಾದ ಕೆಳಗಿನ ಏರಿನಲ್ಲಿ ನಿಂತುಬಿಟ್ಟಿತ್ತು. ಇಂಜಿನ್ನು ಸತ್ತಿತ್ತು, ಬ್ರೇಕು ಹೆಸರಿಗಷ್ಟೇ. ನಾವು ಲೋಣಾವಳಾ ದಾಟಿ ಇಳಿಯುವಾಗ ಮಂಜು ರಸ್ತೆಯ ಮೇಲೆ ಮಲಗಿತ್ತು. ಮಳೆ ಬೀಳುತ್ತಿದೆಯೋ ಏಳುತ್ತಿದೆಯೋ ತಿಳಿಯದ ಹಾಗೆ ಗಾಳಿ. ಒಂದು ಬದಿ ಗುಡ್ಡ, ಅದರ ಬುಡದಲ್ಲಿ ನೀರು ಹರಿಯುವ ಗಟಾರ. ಇನ್ನೊಂದು ಬದಿ ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರಾಚೆ ಬರೀ ಬಿಳುಪು. ಭಟ್ಟರು ಕೊಡೆ ಹಿಡಿದು ವ್ಯಾನಿನ ಪಕ್ಕದಲ್ಲಿ ನಿಂತಿದ್ದರು. ನಮ್ಮ ಕೆಂಪು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇದು ಎಳೆಯುವುದುಂಟಾ ಮಾರಾಯ್ರೇ, ಅಲ್ಲ ಇದನ್ನೂ ನಾವೇ ದೂಡುವುದಾ?"

ಕಾಕಾ ಅವರಿಗೆ ಮರಾಠಿಯಲ್ಲಿ ಭರವಸೆ ಕೊಟ್ಟ. "ನನಗೆ ಕನ್ನಡ ಬರ್ತದೆ ಸ್ವಾಮೀ" ಎಂದರು ಭಟ್ಟರು. ಕಾಕಾ ಕೇಳಿಸಿಕೊಳ್ಳಲಿಲ್ಲ.

ಗಾಡಿಯನ್ನು ಏರಿನ ಕಡೆ ಮುಖ ಮಾಡಿ ತಿರುಗಿಸಿ, ವ್ಯಾನಿನ ಮುಂದೆ ನಿಲ್ಲಿಸಿ, ಕೊಕ್ಕೆಗೆ ಸರಪಳಿ ಹಾಕಿದರು. ಕೊಂಡಿಬಾ ನಮ್ಮ ಗಾಡಿಯಲ್ಲಿ. ಭಟ್ಟರ ಡ್ರೈವರು ವ್ಯಾನಿನಲ್ಲಿ. ವ್ಯಾನಿನ ಹಿಂಗಾಲಿಯ ಹಿಂದೆ ವಾಮನ, ಎರಡೂ ಕೈಯಲ್ಲಿ ಕಲ್ಲು ಹಿಡಿದು, ಧೋತರ ಮೇಲೆ ಕಟ್ಟಿ, ಟೋಪಿಯಿಂದ ನೀರಿಳಿಸಿಕೊಳ್ಳುತ್ತ. ಕಾಕಾ ಮತ್ತು ನಾನು ಗುಡ್ಡದ ಬದಿಗೆ, ನಮ್ಮ ಗಾಡಿಯ ಹಿಂಭಾಗಕ್ಕೆ ಸರಿಯಾಗಿ. ನಮ್ಮಿಬ್ಬರ ನಡುವೆ ಒಂದು ಮೊಳ ಕೂಡ ಇರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಆಮೇಲೆ ಅವನು ಏನು ಹೇಳಿದನೆಂಬುದಕ್ಕಿಂತ ಅವನ ಮುಖ ಎತ್ತ ಇತ್ತೆಂಬುದು ನನಗೆ ಗೊತ್ತು.

"ಚಲ್!" ಎಂದ ಕಾಕಾ. ಗಾಡಿ ಗುರುಗುಟ್ಟಿತು, ಸರಪಳಿ ನೆಲದಿಂದ ಎದ್ದು ಬಿಗಿಯಿತು, ವ್ಯಾನು ಅಲುಗಿ ಒಂದಿಷ್ಟು ಮೇಲೆ ಬಂತು. ನಿಂತಿತು. ವಾಮನ ಕಲ್ಲು ಕೊಟ್ಟ. ಕಾಕಾ ನನ್ನ ಕಡೆ ತಿರುಗಿ ಮೀಸೆಯ ನೀರು ಒರೆಸಿಕೊಂಡ. "ಏನಪಾ ಬಿ.ಎ.?"

ಮತ್ತೆ "ಚಲ್". ವಾಮನ ಕಲ್ಲು ಎತ್ತಿಕೊಂಡ. ಸರಪಳಿ ಬಿಗಿಯಿತು. ಈ ಸಲ ವ್ಯಾನು ಅಲುಗಲಿಲ್ಲ. ನಮ್ಮ ಗಾಡಿಯೇ ಹಿಂದಿನಿಂದ ಉದ್ದವಾಗುತ್ತಿರುವಂತೆ ನನಗೆ ಕಂಡಿತು. ಕಣ್ಣಿನ ಭ್ರಮೆ ಎಂದುಕೊಂಡೆ. ಭ್ರಮೆಯಲ್ಲ. ಅಡ್ಡಪಟ್ಟಿಯ ಮೂಲೆಯಲ್ಲಿ ಕೆಂಪು ಬಣ್ಣ ಕೂದಲಿನಷ್ಟು ಸೀಳಿತು, ಆ ಸೀಳಿನಿಂದ ಹಾಲಿನಂಥ ನೀರು ಇಳಿಯಿತು. ಅದು ತಿಂಗಳಿಂದ ಕುಡಿಸಿದ ನೀರು. ಹಿಂದೆಯೇ ಸಿಮೆಂಟಿನ ಹಳಕು ಉದುರತೊಡಗಿತು, ನೆನೆದ ರವೆಯ ಹಾಗೆ.

"ಥಾಂಬ! ಥಾಂಬ!" ನಿಲ್ಲಿಸು ಎಂದು ನಾನು ಕೂಗಿದೆ. ಕೊಂಡಿಬಾ ಕಿಟಕಿಯಿಂದ ತಲೆ ಹೊರಹಾಕಿದ. ವ್ಯಾನಿನ ಹಿಂದಿನಿಂದ ವಾಮನನೂ ತಲೆ ಎತ್ತಿ ನೋಡಿದ. ಕಾಕಾನೂ ನೋಡಿದ: ಆ ಸೀಳನ್ನು ನೋಡಿದ. ನೋಡಲಿಲ್ಲವೆಂದು ಹೇಳುವಂತಿಲ್ಲ, ಹಳಕು ಅವನ ಚಪ್ಪಲಿಯ ಮೇಲೇ ಬೀಳುತ್ತಿತ್ತು. ಜೀವಮಾನವೆಲ್ಲ ಬಿರುಕು ನೋಡಿ ಮುಖ ತಿರುಗಿಸಿದವನು ಈಗಲೂ ತಿರುಗಿಸಿದ. ಗಾಡಿಯ ಗೂಡಿನ ಕಡೆಗೆ. ಭಟ್ಟರು ನೋಡುತ್ತಿದ್ದರಲ್ಲ! ನನ್ನ ಎದೆಗೆ ಕೈ ಅಡ್ಡ ಹಿಡಿದು, ಕೊಂಡಿಬಾನ ಮುಖಕ್ಕೆ ಮುಖ ಕೊಟ್ಟು, ಗಂಟಲು ಹರಿಯುವಂತೆ ಕೂಗಿದ:

"ಓಡ!"

ಮರಾಠಿಯಲ್ಲಿ ಓಢ ಎಂದರೆ ಎಳೆ. ನಮ್ಮ ಮಾತಿನಲ್ಲಿ ಓಡ್ ಎಂದರೆ ಓಡು. ನಡುವೆ ಇರುವುದು ಒಂದು ಮಹಾಪ್ರಾಣ, ಅದು ಗೋವಿಂದಕಾಕಾನ ಬಾಯಲ್ಲಿ ಎಂದೂ ಇದ್ದದ್ದಲ್ಲ.

ಕೊಂಡಿಬಾ ತನಗೆ ಗೊತ್ತಿದ್ದಂತೆ ಕೇಳಿಸಿಕೊಂಡ. ಕಾಲನ್ನು ಪೂರಾ ಅದುಮಿದ. ವಾಮನ ತನಗೆ ಗೊತ್ತಿದ್ದಂತೆ ಕೇಳಿಸಿಕೊಂಡ. ಕಲ್ಲು ಬಿಟ್ಟು ಗುಡ್ಡದ ಬದಿಗೆ ಹಾರಿದ. ಅಡ್ಡಪಟ್ಟಿ ಕೊಕ್ಕೆಸಮೇತ ಕಿತ್ತು ಹೋದ ಸದ್ದು ಮುರಿಯುವ ಸದ್ದಾಗಿರಲಿಲ್ಲ, ಹಳೇ ಸೀರೆ ಹರಿದಂಥ ಸದ್ದು. ಆ ಕಬ್ಬಿಣದ ತುಂಡು ನನ್ನ ಮುಖದ ಮುಂದಿನಿಂದ ಹಾಯ್ದು ಹೋಯಿತು. ಅದರ ಗಾಳಿ ಕಣ್ಣಿಗೆ ತಾಗಿತು. ವ್ಯಾನಿನ ಗಾಜು ಒಡೆಯಿತು. ಭಟ್ಟರ ಡ್ರೈವರು ಬಾಗಿಲಿನಿಂದ ಜಿಗಿದ. ವ್ಯಾನು ನಿಧಾನವಾಗಿ, ಬಹಳ ನಿಧಾನವಾಗಿ, ವಾಮನ ನಿಂತಿದ್ದ ಜಾಗದ ಮೇಲೆ ಹಿಂದೆ ಸರಿಯಿತು, ಅವನು ಬಿಟ್ಟ ಕಲ್ಲನ್ನು ಹತ್ತಿ ಇಳಿಯಿತು, ಆಮೇಲೆ ವೇಗ ಹಿಡಿದು ಕಲ್ಲುಕಟ್ಟೆಗೆ ಬಡಿದು, ಒಂದು ಗಾಲಿ ಬಿಳುಪಿನ ಮೇಲೆ ತಿರುಗಿಸುತ್ತ ನಿಂತಿತು.

ಗಟಾರದಲ್ಲಿ ಮಕಾಡೆ ಬಿದ್ದಿದ್ದ ವಾಮನನನ್ನು ನಾನು ಎತ್ತಿದೆ. ಬಾಯ ತುಂಬ ಕೆಸರು. ಅವನು ಮೊದಲು ಹೇಳಿದ್ದು: "ಮಾವನವರು ಓಡ್ ಅಂದ್ರು. ಇಲ್ಲಾಂದ್ರ ಸತ್ತಿದ್ದೆ."

ಕಾಕಾ ಆಗಷ್ಟೇ ಅತ್ತ ಬರುತ್ತಿದ್ದ. ಅವನ ಮುಖ ಗೋಡೆಯ ಸುಣ್ಣದಂತಾಗಿತ್ತು. ಅಳಿಯನ ಮಾತು ಕಿವಿಗೆ ಬಿತ್ತು. ಆ ಮುಖದ ಮೇಲೆ ಬಣ್ಣ ಏರುವುದನ್ನು ನಾನು ಕಣ್ಣಾರೆ ನೋಡಿದೆ. ತುಕ್ಕಿನ ಮೇಲೆ ಬ್ರಶ್ಶು ಎಳೆದಂತೆ, ಒಂದೇ ಎಳೆತ. "ಅದಕ್ಕ ಒದರಿದೆ ನಾ" ಎಂದ. ಮುಂದಿನ ಉಸಿರಿನಲ್ಲಿ ಕೊಂಡಿಬಾನ ಕಡೆ ತಿರುಗಿ ಮರಾಠಿಯಲ್ಲಿ ಬೈಯತೊಡಗಿದ: ನಾನು ಅಳಿಯನಿಗೆ ನಮ್ಮ ಭಾಷೆಯಲ್ಲಿ ಓಡು ಎಂದರೆ, ಕತ್ತೆ, ನೀನು ಎಳೆಯುತ್ತೀಯಾ?

ಕೊಂಡಿಬಾ ಮಳೆಯಲ್ಲಿ ಬಾಯಿ ಬಿಟ್ಟು ನಿಂತ. "ಪಣ ಸಾಹೇಬ, ತುಮ್ಹೀ ಓಢ ಮ್ಹಣಾಲಾತ!" ನೀವು ಎಳೆ ಎಂದಿರಿ ಎಂದು. ಅದೇ ಸಂಜೆ ಅವನ ಕೆಲಸ ಹೋಯಿತು. ಮುಂದೆ ಅವನು ಕ್ಯಾಂಪಿನ ಐಸಿನ ಕಾರಖಾನೆಯ ಲಾರಿಗೆ ಸೇರಿದ. ಕಂಡಾಗಲೆಲ್ಲ ನನ್ನನ್ನು ನಿಲ್ಲಿಸಿ ಅದೇ ವಾಕ್ಯ ಹೇಳುತ್ತಿದ್ದ.

ಮನೆಗೆ ಬಂದ ಮೇಲೆ ನಾನು ಕಂಡದ್ದನ್ನು ವಾಮನನಿಗೆ ಹೇಳಿದೆ. ಕಾಕಾನ ಮುಖ ಎತ್ತ ಇತ್ತೆಂದು, ಯಾರಿಗೆ ಕೂಗಿದನೆಂದು, ಸೀಳು ನೋಡಿಯೂ ಕೂಗಿದನೆಂದು. ವಾಮನನಿಗೆ ಎಂದೂ ಇಲ್ಲದ ಸಿಟ್ಟು ಬಂತು. "ನಿನಗ ಅವರನ್ನ ಕಂಡ್ರ ಆಗೂದಿಲ್ಲ. ಜೀವಾ ಉಳಸಿದವರ ಮ್ಯಾಲ ಇಂಥಾ ಮಾತಾಡಬ್ಯಾಡ" ಎಂದ. ಜನ್ಮದಲ್ಲಿ ಮೊದಲ ಸಲ ಮಾವ ತನಗೊಂದು ಒಳ್ಳೆಯದು ಮಾಡಿದ್ದಾನೆ, ಅದನ್ನು ಯಾರು ಬಿಟ್ಟುಕೊಡುತ್ತಾರೆ? ಅವತ್ತಿನಿಂದ ಅವನು ಮಾವನ ಕಾಲಿಗೆ ನೀರು ಕೊಡತೊಡಗಿದ. ಇದನ್ನು ನೋಡುವುದು ನನಗೆ ವ್ಯಾನು ಉರುಳುವುದನ್ನು ನೋಡಿದ್ದಕ್ಕಿಂತ ಕಷ್ಟವಾಯಿತು.

ಕಾಕಾ ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರುವ ಜಾತಿಯಲ್ಲ. ವಾಡೆಯ ಕಟ್ಟೆಯ ಮೇಲೆ, ಮಂಡಯಿಯ ತರಕಾರಿ ರಾಶಿಯ ಮುಂದೆ, ಕ್ಷೌರದವನ ಕನ್ನಡಿಯ ಎದುರು ಆ ಕೂಗು ದಿನಾ ಮರುಹುಟ್ಟು ಪಡೆಯಿತು. ಮೊದಮೊದಲು ಸಿಮೆಂಟಿನ ದೋಷ ಮಳೆಯದಾಗಿತ್ತು, ಆಮೇಲೆ ದಗಡೂನದಾಯಿತು, ಕೊನೆಗೆ ಸಿಮೆಂಟಿನ ಮಾತೇ ಉಳಿಯಲಿಲ್ಲ, ಕೂಗು ಮಾತ್ರ ಉಳಿಯಿತು. ದಗಡೂನ ಶೆಡ್ಡಿನಲ್ಲಿ ಗಾಡಿಗೆ ಹೊಸ ಅಡ್ಡಪಟ್ಟಿ ಕೂಡಿಸಿದ್ದರು, ಅದೇ ಕೊಳೆತ ಮೂಲೆಗಳಿಗೆ. ಈ ಸಲ ಸಿಮೆಂಟು ಇನ್ನೂ ದಪ್ಪ. ನಾನು ಹೋಗಿ ನೋಡಿ ಬಂದೆ. ಹಸಿ ಬಣ್ಣದ ವಾಸನೆ ತಾಳದೆ ರಸ್ತೆಯಂಚಿಗೆ ಸರಿದಿದ್ದೆ. ಮತ್ತೆ ಯಾರದೋ ಲಾರಿ ಘಾಟಿನಲ್ಲಿ ಕೂತಿತ್ತು. ಮತ್ತೆ ಕಲ್ಲು ಹಿಡಿಯುವವನು ವಾಮನನೇ. ಈಗ ಅವನು ಸಂತೋಷದಿಂದ ಒಪ್ಪಿದ್ದ. "ಮಾವನವರು ಇರ್ತಾರಲ್ಲ" ಎಂದ.

ಹೊರಡುವ ಹಿಂದಿನ ದಿನ ಶ್ರಾವಣದ ಸತ್ಯನಾರಾಯಣ ಪೂಜೆ, ಅಳಿಯ ಉಳಿದದ್ದಕ್ಕೆ. ಭಟ್ಟರನ್ನೂ ಕರೆದಿದ್ದರು. ಅವರ ವ್ಯಾನಿನ ಗಾಯ ಮಾಯುವಂತೆ ಅವರಿಗೆ ಹೋಳಿಗೆ ಹೆಚ್ಚಾಗಿ ಬಡಿಸುವುದೆಂದು ಕಾಕಾ ಕಾಕುಗೆ ಹೇಳಿಟ್ಟಿದ್ದ. ಎಲೆಯ ಮುಂದೆ ಕೂತು ಅವನು ಮತ್ತೆ ಕಥೆ ಎತ್ತಿದ. ಮಂಜು, ಏರು, ಸರಪಳಿ. ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿ, "ನಾ ಎದಿ ಒಡದು ಒದರಿದೆ ನೋಡ್ರಿ ಬಟ್ರ: ಓಡ್! ಅಂತ!"

ಕಾಕು ತುಪ್ಪ ಬಡಿಸುತ್ತಿದ್ದವಳು ನಿಂತಳು. ಆಕೆ ಗಂಡನ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದವನಲ್ಲ. ಅವತ್ತೂ ಎದುರು ಮಾತಾಡಲಿಲ್ಲ. ಮರ್ಯಾದೆಗೆ ಅಂಜಿದಳು, ಅಷ್ಟೇ.

"ಅಯ್ಯ ಶಿವನ, ಅಳಿಯಂದ್ರಿಗೆ 'ಓಡ್' ಅಂದ್ರೇನು? 'ಓಡ್ರಿ' ಅನಬಾರದಽ?"

ಭಟ್ಟರು ಗೊಳ್ಳನೆ ನಕ್ಕರು. "ಅದೂ ಹೌದು ಮಾರಾಯ್ರೇ, ಸಾಯುವಾಗಲೂ ಬಹುವಚನ ಬೇಕಲ್ಲ!" ಕಾಕಾನೂ ನಕ್ಕ. "ಏ ಹುಚ್ಚಿ, ಜೀವಾ ಹೋಗೂ ಹೊತ್ತಿನ್ಯಾಗ 'ರೀ' ಹಚ್ಚಿಗೋತ ಕೂಡ್ಲೇನು?" ಎಂದ. ಮಾತು ಅಲ್ಲಿಗೆ ಮುಗಿದು ಸಾರು ಬಂತು.

ವಾಮನ ನಗಲಿಲ್ಲ. ಅವನ ಕೈ ಎಲೆಯ ಮೇಲೆ ಹಾಗೇ ನಿಂತಿತ್ತು. ಮಾವನ ಬಾಯಿಂದ ಇಷ್ಟು ದಿನ ತನಗೆ ಬಂದ ಮಾತುಗಳನ್ನೆಲ್ಲ ಅವನು ಒಂದೊಂದಾಗಿ ತಿರುವಿ ನೋಡುತ್ತಿದ್ದಂತೆ ನನಗೆ ಕಂಡಿತು: ಬರ್ರಿ, ಕೂಡ್ರಿ, ಉಣ್ರಿ, ನಾಚಿಕಿ ಇಲ್ಲೇನ್ರಿ. ಒಂದರಲ್ಲೂ 'ರಿ' ತಪ್ಪಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದು ಗಂಡನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವಳಿಗೂ ಸಂಧಿ ಬಿಡಿಸುವುದು ಕಷ್ಟವಾಗಲಿಲ್ಲ.

ವಾಮನ ಎಲೆ ಬಿಟ್ಟು ಎದ್ದ. ಅವಸರವಿಲ್ಲದೆ ಕೈ ತೊಳೆದ. ಹೊರಗಿನ ಕಟ್ಟೆಗೆ ಹೋಗಿ, ನಾಳೆಗೆಂದು ಕಾಕಾ ಆರಿಸಿ ತರಿಸಿಟ್ಟಿದ್ದ ದಪ್ಪ ಕಲ್ಲನ್ನು ಎರಡೂ ಕೈಯಿಂದ ಎತ್ತಿ ತಂದು, ಭಟ್ಟರು ನೋಡುತ್ತಿದ್ದಂತೆ, ಮಾವನ ಎಲೆಯ ಪಕ್ಕದಲ್ಲಿ ಇಟ್ಟ.

"ಮಾವನವರ, ನಾಳೆ ಕಲ್ಲು ನೀವು ಹಿಡೀರಿ" ಎಂದ. "ನಾ ಒದರತೇನಿ."

ಆ ಗಾಡಿ ಮತ್ತೆ ಘಾಟಿಗೆ ಹೋಗಲಿಲ್ಲ.